ಬೆನ್ನು ತಿರುಗಿಸಿ ಕರೆದ ಹೆಸರು

ಎನ್ನಿಯೊ ಇನ್ನೂ ಮೆಟ್ಟಿಲ ಮೇಲೆಯೇ ನಿಂತಿದ್ದ. ನಿನ್ನೆ ಯುಗಾದಿಯ ಸಂಜೆ ಅವನನ್ನು ಅಲ್ಲಿ ನಿಲ್ಲಿಸಿ ಶಾಮಲಮ್ಮ ಫೋನನ್ನು ತಲೆದಿಂಬಿನ ಕೆಳಗೆ ತುರುಕಿದ್ದಳು. ಈಗ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಗೌನಿಪಲ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು ಫೋನ್ ತೆರೆದರೆ ಅವನು ಅಲ್ಲೇ ಇದ್ದಾನೆ. ಒಂದು ಕಾಲು ಮೇಲಿನ ಮೆಟ್ಟಿಲಿಗೆ, ಒಂದು ಕಾಲು ಕೆಳಗೆ, ಕೈಯಲ್ಲಿ ದಾರ ಕಟ್ಟಿದ ಸಿಹಿಯ ಪೊಟ್ಟಣ. ಮೇಲಿನ ಮನೆಯಲ್ಲಿ ಅವನನ್ನು ಊಟಕ್ಕೆ ಕರೆದಿದ್ದಾರೆ. ಯಾಕೆ ಕರೆದಿದ್ದಾರೆಂದು ನೋಡುವವರಿಗೆಲ್ಲ ಗೊತ್ತು, ಅವನಿಗೊಬ್ಬನಿಗೆ ಗೊತ್ತಿಲ್ಲ. ಅಥವಾ ಅವನಿಗೂ ಗೊತ್ತಿದ್ದು ಹೋಗುತ್ತಿದ್ದಾನೋ ಏನೋ. ಫೋನಿನಲ್ಲಿ ಬರುವ ಸೀರಿಯಲ್ಲು, ಇಟಲಿ ದೇಶದ ಯಾವುದೋ ಬಂದರಿನ ಊರಿನ ಕಥೆ ಅದು. ಕಳ್ಳಸಾಗಣೆ ಮಾಡುವ ಎರಡು ಮನೆತನಗಳು, ಅವುಗಳ ಹಗೆ, ಕೊಲೆ, ಕೊಲೆಯಾದ ಮರುದಿನ ಉದ್ದನೆಯ ಮೇಜಿನ ಸುತ್ತ ಕುಳಿತು ಊಟ. ತೆಲುಗಿಗೆ ಡಬ್ ಮಾಡಿದ್ದರು. ಕೋಟು ಹಾಕಿಕೊಂಡ ಬಿಳಿಯರು ಮದನಪಲ್ಲಿ ಕಡೆಯವರ ಹಾಗೆ ‘ಏಮಿರಾ’ ಎಂದು ಒಬ್ಬರನ್ನೊಬ್ಬರು ಗದರಿಸುವುದನ್ನು ಕೇಳಿ ಮೊದಲ ದಿನ ಅವಳಿಗೆ ನಗು ಬಂದಿತ್ತು. ಬರಬರುತ್ತ ನಗು ಹೋಯಿತು, ಅವರು ಮನೆಯವರಾದರು. ಗಂಡ ಸತ್ತ ಮೇಲೆ ಆ ಹೊಲಿಗೆ ಅಂಗಡಿಯ ಕೋಣೆಯಲ್ಲಿ ಮನುಷ್ಯರ ಸದ್ದೆಂದರೆ ಅವರದೇ ಆಗಿತ್ತು. ಮಿಷಿನ್ನಿನ ತಲೆಗೆ ಫೋನ್ ಒರಗಿಸಿಕೊಂಡು ಅವಳು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರೆ ಅತ್ತ ಯಾರದೋ ಕತ್ತಿಗೆ ತಂತಿ ಬೀಳುತ್ತಿತ್ತು.

ಬಸ್ಸು ಹೊರಟಿತು. ಅವಳ ಮಡಿಲಲ್ಲೂ ಒಂದು ಸಿಹಿಯ ಡಬ್ಬವಿತ್ತು, ಮೈಸೂರುಪಾಕಿನದು. ಅದು ಈಗಷ್ಟೇ ಕಣ್ಣಿಗೆ ಬಿತ್ತು. ಡಬ್ಬವನ್ನು ಬ್ಯಾಗಿನೊಳಗೆ ಇಡಲು ಹೋದಾಗ ಇಯರ್‌ಫೋನಿನ ತಂತಿ ಮೊಣಕೈಗೆ ಸಿಕ್ಕಿ ಕಿತ್ತು ಬಂತು, ಬೆರಳು ಎಲ್ಲಿಗೋ ತಾಗಿ ಎನ್ನಿಯೊ ಮೆಟ್ಟಿಲು ಹತ್ತತೊಡಗಿದ, ಮೇಲಿನಿಂದ ಯಾರೋ ಅವನನ್ನೂ ಅವನ ಅಮ್ಮನನ್ನೂ ಸೇರಿಸಿ ಬೈದ ತೆಲುಗಿನ ಬೈಗುಳ ಬಸ್ಸಿಗೆಲ್ಲ ಕೇಳಿಸಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ, ‘ಏನಮ್ಮಾ, ಹಬ್ಬದ ದಿನ ಭಜನೆ ಹಾಕ್ಕೊಂಡಿದ್ದೀರ’ ಎಂದ. ಹಿಂದಿನವರು ನಕ್ಕರು. ಶಾಮಲಮ್ಮ ಫೋನನ್ನು ಸೆರಗಿನಲ್ಲಿ ಮುಚ್ಚಿ ಒತ್ತಿ ಒತ್ತಿ ಆರಿಸಿದಳು. ಕಿವಿ ಬಿಸಿಯಾಗಿತ್ತು. ಐವತ್ತು ದಾಟಿದ ಹೆಂಗಸು, ಕುಂಕುಮವಿಲ್ಲದ ಹಣೆ, ಕೊಲೆಗಾರರ ಕಥೆ ನೋಡುತ್ತಾಳೆ ಎಂದು ಇವರೆಲ್ಲ ಅಂದುಕೊಳ್ಳುತ್ತಿರಬಹುದು. ಅಂದುಕೊಳ್ಳಲಿ. ಇವರಿಗೆ ಗೊತ್ತಾಗಿರುವುದು ಇಷ್ಟೇ ತಾನೆ ಎಂಬ ಒಂದು ಸಮಾಧಾನವೂ ಅದರ ಹಿಂದೆಯೇ ಬಂತು. ಆ ಸಮಾಧಾನಕ್ಕೆ ನಾಚಿಕೆಯಾಯಿತು.

ಎನ್ನಿಯೊನನ್ನು ಅವಳು ಬೈದಿದ್ದಕ್ಕೆ ಲೆಕ್ಕವಿಲ್ಲ. ಯಜಮಾನ ಮುದುಕನ ದೋಣಿ ಯಾವ ದಿನ, ಯಾವ ದಡಕ್ಕೆ ಬರುತ್ತದೆಂದು ಪೊಲೀಸರಿಗೆ ಹೇಳಿದವನು ಅವನು. ಅವನನ್ನು ಎತ್ತಿ ಆಡಿಸಿದ ಮುದುಕ, ಅವನ ಮದುವೆಗೆ ಮುಂದೆ ನಿಂತ ಮುದುಕ. ಹೇಳಿ ಬಂದು ಅದೇ ಮೇಜಿಗೆ ಕುಳಿತು ರೊಟ್ಟಿ ಮುರಿದ. ಸಂಶಯ ಬಂದದ್ದು ಕಾರು ಓಡಿಸುವ ಹುಡುಗನ ಮೇಲೆ. ‘ನೇನು ಕಾದು, ನೇನು ಕಾದು,’ ನಾನಲ್ಲ, ನಾನಲ್ಲ, ಎಂದು ಆ ಹುಡುಗ ಕೂಗುತ್ತಿರುವಾಗಲೇ ಅವನ ಕಾಲಿಗೆ ಕಲ್ಲು ಕಟ್ಟಿ ಸಮುದ್ರಕ್ಕೆ ಎಸೆದರು. ಎನ್ನಿಯೊ ದಡದಲ್ಲಿ ನಿಂತು ನೋಡಿದ. ‘ಥೂ ಮನೆಹಾಳ, ಉಂಡ ಮನೆಗೆ ಎರಡು ಬಗೆದೆಯಲ್ಲೋ’ ಎಂದು ಶಾಮಲಮ್ಮ ಬಾಯಲ್ಲಿ ದಾರ ಕಚ್ಚಿಕೊಂಡೇ ಬೈದಿದ್ದಳು. ಬೈದು ಸೂಜಿ ಎಳೆದಾಗ ಕೈ ಅರ್ಧಕ್ಕೆ ನಿಂತಿತ್ತು. ಫೋನಿನಲ್ಲಿ ಸಮುದ್ರ ಮುಚ್ಚಿಕೊಂಡು ಸಮನಾಗಿತ್ತು. ಅಂಗಡಿಯ ಮುಂದೆ ಯಾರೋ ಲಂಗದ ಬಟ್ಟೆ ಹಿಡಿದು, ಟೈಲರಮ್ಮಾ, ಟೈಲರಮ್ಮಾ ಎಂದು ಕರೆಯುತ್ತಿದ್ದರು.

ಆ ದಿನದಿಂದ ಅವಳು ಅವನನ್ನು ಬೈಯಲಿಲ್ಲ. ಪ್ರೀತಿಸಲೂ ಆಗಲಿಲ್ಲ.

ಕಿಟಕಿಯಾಚೆ ಮಾವಿನ ತೋಪುಗಳು ಓಡುತ್ತಿದ್ದವು. ಹೂ ಉದುರಿ ಹೀಚು ಕಚ್ಚಿತ್ತು. ಮೊನ್ನೆ ರಾಮಲಕ್ಷ್ಮಮ್ಮ ಫೋನ್ ಮಾಡಿದ್ದಳು. ಗಂಡನ ಅಣ್ಣನ ಹೆಂಡತಿ ಅವಳು. ಮದುವೆಯಾಗಿ ಬಂದ ದಿನದಿಂದ ಶಾಮಲಮ್ಮನಿಗೆ ಅಕ್ಕ. ‘ವರ್ಷತೊಡಕಿಗೆ ಬಂದ್ಬಿಡು ಶಾಮಲ. ಒಬ್ಳೇ ಅಲ್ಲಿ ಏನ್ ಮಾಡ್ತೀಯ, ಇಲ್ಲೇ ಉಂಡ್ಕೊಂಡು ಹೋಗುವಂತೆ. ನಿಮ್ ಭಾವಾನೂ ಹೇಳಿದ್ರು.’ ಇಷ್ಟೇ ಮಾತು. ಒಂದು ವರ್ಷದಿಂದ ಅವಳು ಊರಿಗೆ ಹೋಗಿರಲಿಲ್ಲ, ಅವರೂ ಕರೆದಿರಲಿಲ್ಲ. ‘ನಿಮ್ ಭಾವಾನೂ ಹೇಳಿದ್ರು’ ಎಂಬ ಮಾತನ್ನು ಅವಳು ಎರಡು ದಿನ ತಿರುಗಿಸಿ ಮುರುಗಿಸಿ ನೋಡಿದ್ದಳು, ಹೊಲಿದ ಬಟ್ಟೆಯ ಒಳಮೈ ನೋಡುವ ಹಾಗೆ. ಪ್ರೀತಿಯಿಂದ ಹೇಳಿದ್ದೋ, ಗೊತ್ತಾಗಿ ಹೇಳಿದ್ದೋ? ಯಾಕೆಂದರೆ ಈ ಸಲ ಗೋಪಿ ಬಂದಿರಲಿಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಮೈದುನ ಗೋಪಿ ಬಂದು, ‘ಅತ್ತಿಗೆ, ಗುಡ್ಡೆಗೆ ನಿಮ್ದೂ ಸೇರಿಸ್ಲಾ?’ ಎಂದು ಕೇಳಿ ಹೋಗುತ್ತಿದ್ದ. ಹಬ್ಬದ ಮರುದಿನ ದಾಯಾದಿಗಳ ಮನೆಗಳೆಲ್ಲ ಸೇರಿ ಕುರಿ ಕಡಿದು, ತೋಪಿನಲ್ಲಿ ಬಾಳೆ ಎಲೆ ಹಾಸಿ, ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಾರೆ. ಎಲುಬು, ಈಲಿ, ಬೋಟಿ, ತಲೆಮಾಂಸ, ಎಲ್ಲ ಗುಡ್ಡೆಗೂ ಸಮ. ಗುಡ್ಡೆ ಇದ್ದವರು ಮನೆ, ಇಲ್ಲದವರು ನೆಂಟರು. ಹೋದ ವರ್ಷ ಗಂಡ ವೇಣುಗೋಪಾಲ ಇರಲಿಲ್ಲ, ಆದರೂ ಅವನ ಹೆಸರಲ್ಲಿ ಗುಡ್ಡೆ ಬಿದ್ದಿತ್ತು, ಗೋಪಿ ಅದನ್ನು ಸ್ಟೀಲ್ ಡಬ್ಬದಲ್ಲಿ ಶ್ರೀನಿವಾಸಪುರದವರೆಗೂ ತಂದುಕೊಟ್ಟಿದ್ದ. ಈ ವರ್ಷ ಬಾ, ಉಂಡುಕೊಂಡು ಹೋಗು.

ಹೋದ ವರ್ಷದ ಹಬ್ಬ ಕಳೆದು ಮಾವು ಇಳಿಸುವ ಕಾಲ ಅದು. ರಾಮಲಕ್ಷ್ಮಮ್ಮ ಮಗಳು ಚಂದನಳನ್ನು ಕರೆದುಕೊಂಡು ಅಂಗಡಿಗೆ ಬಂದು ಬಾಗಿಲನ್ನು ಅರ್ಧ ಎಳೆದುಕೊಂಡಳು. ರೇಷ್ಮೆ ಬ್ಲೌಸು ಹೊಲಿಯಬೇಕು, ಯಾರಿಗೂ ಹೇಳಬೇಡ. ಗಡಿಯಾಚೆಯ ಗುಡಿಯಲ್ಲಿ ಬೆಳಗಿನ ಜಾವಕ್ಕೇ ತಾಳಿ ಕಟ್ಟಿಸಿಬಿಡುತ್ತಾರೆ. ಪತ್ರಿಕೆ ಇಲ್ಲ, ಚಪ್ಪರ ಇಲ್ಲ, ಮನೆಯವರಿಗೆ ಬಿಟ್ಟು ಒಂದು ನರಪಿಳ್ಳೆಗೂ ಗೊತ್ತಿಲ್ಲ. ಹುಡುಗನ ಕಡೆಯವರಿಗೆ ಅವಸರ, ಒಳ್ಳೆ ಸಂಬಂಧ, ಬಿಟ್ಟರೆ ಸಿಗುವುದಿಲ್ಲ. ಚಂದನ ಹತ್ತನೇ ಕ್ಲಾಸು ಮುಗಿಸಿ ಆಗಷ್ಟೇ ಒಂದು ವರ್ಷವಾಗಿತ್ತು. ಅವಳು ಕೈಗಳನ್ನು ಅಗಲಿಸಿ ನಿಂತಳು. ಶಾಮಲಮ್ಮ ಟೇಪು ಹಿಡಿದು ಬೆನ್ನು, ತೋಳು, ಎದೆ ಅಳೆದಳು. ಸ್ಕೂಲಿನ ಯೂನಿಫಾರ್ಮಿಗೆ ಅಳತೆ ತೆಗೆದುಕೊಂಡದ್ದು ಇದೇ ಮೈಗೆ, ಇದೇ ಟೇಪಿನಲ್ಲಿ. ‘ಒಳಗಡೆ ಬಟ್ಟೆ ಜಾಸ್ತಿ ಬಿಡು ಶಾಮಲ,’ ಎಂದಳು ರಾಮಲಕ್ಷ್ಮಮ್ಮ, ‘ಇನ್ನೂ ಬೆಳೆಯೋ ಹುಡುಗಿ. ಆಮೇಲೆ ಬಿಚ್ಚಿ ಅಗಲ ಮಾಡ್ಕೋಬೋದು.’ ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಬಟ್ಟೆ ದಂಡವಾಗಬಾರದೆಂದು ಹೇಳಿದಳು. ಚಂದನ ಕನ್ನಡಿಯಲ್ಲಿ ಚಿಕ್ಕಮ್ಮನ ಕೈಯನ್ನೇ ನೋಡುತ್ತಿದ್ದಳು.

ಅವರು ಹೋದ ಮೇಲೆ ಶಾಮಲಮ್ಮ ಬಟ್ಟೆ ಕತ್ತರಿಸಿದಳು, ಒಳಗೆ ಎರಡು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿಸಿದಳು. ಹೊಲಿಯಲು ಕುಳಿತರೆ ಮಿಷಿನ್ನು ಕಾಣುತ್ತಿತ್ತು. ಅದನ್ನು ಕೊಡಿಸಿದವರು ಭಾವ ಕೋದಂಡರಾಮಪ್ಪ. ವೇಣು ಬಿದ್ದು ಕಾಲು ಮುರಿದುಕೊಂಡ ವರ್ಷ, ‘ನಮ್ಮನೆ ಸೊಸೆ ಒಬ್ರ ಮುಂದೆ ಕೈಯೊಡ್ಡಿ ನಿಂತ್ಕೋಬಾರದು’ ಎಂದು ಕೋಲಾರದಿಂದ ಟೆಂಪೋದಲ್ಲಿ ಹೊರಿಸಿಕೊಂಡು ಬಂದಿದ್ದರು. ವೇಣು ಸತ್ತಾಗ ಚಟ್ಟಕ್ಕೆ ಮೊದಲ ಹೆಗಲು ಅವರದೇ, ಮಗುವಿನ ಹಾಗೆ ಅತ್ತವರೂ ಅವರೇ. ಎದುರಿನ ಗೋಡೆಯ ಮೇಲೆ ಮಕ್ಕಳ ಸಹಾಯವಾಣಿಯ ನಂಬರು ನೀಲಿ ಬಣ್ಣದಲ್ಲಿ ಬರೆದಿತ್ತು. ವರ್ಷಗಟ್ಟಲೆ ನೋಡಿದ ಗೋಡೆ. ಅವಳು ಫೋನ್ ಮಾಡಿದಳು. ಹೆಸರು ಹೇಳಲಿಲ್ಲ. ಊರು ಹೇಳಿದಳು, ದಿನ ಹೇಳಿದಳು, ಗುಡಿ ಹೇಳಿದಳು. ಫೋನ್ ಇಟ್ಟು ಬಂದು ಬ್ಲೌಸನ್ನು ಪೂರ್ತಿ ಹೊಲಿದಳು, ತೋಳಿಗೆ ಜರಿ ಕೂಡಿಸಿದಳು. ಹಾಗೆ ಯಾಕೆ ಮಾಡಿದೆನೆಂದು ಇವತ್ತಿಗೂ ಅವಳಿಗೆ ತಿಳಿದಿಲ್ಲ.

ಅಧಿಕಾರಿಗಳು ಮದುವೆಯ ಹಿಂದಿನ ದಿನವೇ ಬಂದರು. ಪೊಲೀಸ್ ಜೀಪಿನ ಸುತ್ತ ಊರೇ ನೆರೆಯಿತು. ಮಗಳಿಗೆ ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ಭಾವ ಮುಚ್ಚಳಿಕೆ ಬರೆದುಕೊಟ್ಟರು. ಪಂಚಾಯ್ತಿ ಮೆಂಬರಾಗಿದ್ದವರು, ಊರಿನ ಜಗಳ ಬಿಡಿಸುತ್ತಿದ್ದವರು, ಎಳೆಯ ಹುಡುಗನಂಥ ಅಧಿಕಾರಿಯ ಮುಂದೆ ತಲೆ ತಗ್ಗಿಸಿ ನಿಂತರು. ಬ್ಲೌಸು ಕೊಡಲು ಬಂದಿದ್ದ ಶಾಮಲಮ್ಮ ನಡುಮನೆಯಲ್ಲಿ ರಾಮಲಕ್ಷ್ಮಮ್ಮನನ್ನು ತಬ್ಬಿಕೊಂಡು ಅತ್ತಳು. ‘ಯಾವ ಮನೆಹಾಳರು ಮಾಡಿದ್ರೋ ಅಕ್ಕ’ ಎಂದಳು. ಆ ಮಾತು ಅವಳ ಬಾಯಿಂದಲೇ ಬಂತು, ಯಾರೂ ಹೇಳಿಕೊಡಲಿಲ್ಲ. ಜೀಪು ಹೋದ ಮೇಲೆ ಗೋಪಿ ಚಂದನಳ ರಟ್ಟೆ ಹಿಡಿದು, ‘ನೀನೇ ತಾನೇ? ಬೇರೆ ಯಾರಿಗೆ ಗೊತ್ತಿತ್ತು ದಿನ?’ ಎಂದು ಅಲುಗಿಸಿದ. ಚಂದನ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಸಲ ಚಿಕ್ಕಮ್ಮನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದಳು. ಹೆದರಿದ್ದಾಳೆ ಎಂದುಕೊಂಡಳು ಶಾಮಲಮ್ಮ. ಕಡೇ ಬಸ್ಸು ತಪ್ಪುತ್ತದೆಂದು ಹೊರಟುಬಿಟ್ಟಳು.

ಆಮೇಲೆ ಒಂದೊಂದೇ ಸುದ್ದಿ ಬಂತು, ಗೋಪಿಯ ಹೆಂಡತಿ ಅನಿತ ಫೋನಿನಲ್ಲಿ ಹೇಳಿದ್ದು. ಚಂದನಳನ್ನು ಹೊಡೆಯಲಿಲ್ಲ, ಬಡಿಯಲಿಲ್ಲ. ಕಾಲೇಜಿಗೂ ಕಳಿಸುತ್ತಾರೆ, ಅಧಿಕಾರಿಗಳು ಬಂದು ನೋಡಿಕೊಂಡು ಹೋಗುತ್ತಾರಲ್ಲ. ಮಾತು ಮಾತ್ರ ಬಿಟ್ಟಿದ್ದಾರೆ. ಭಾವ ಮಗಳ ಹೆಸರೆತ್ತುವುದಿಲ್ಲ. ಅವಳ ಊಟ ಎಲ್ಲರದೂ ಆದ ಮೇಲೆ, ಹಿತ್ತಿಲ ರುಬ್ಬುವ ಕಲ್ಲಿನ ಹತ್ತಿರ. ‘ಕಾಫಿ ಬೇಕಾ ಅಂತಾನೂ ಯಾರೂ ಕೇಳಲ್ಲ ಅಕ್ಕ,’ ಎಂದು ಅನಿತ ಪಿಸುಗುಟ್ಟಿದ್ದಳು, ‘ನಾನ್ ಮಾತಾಡಿಸಿದ್ರೆ ನನ್ಗೂ ಅದೇ ಗತಿ.’ ಶಾಮಲಮ್ಮ ಅಯ್ಯೋ ಅಂದಳು. ಅಯ್ಯೋ ಅಂದು ಫೋನ್ ಇಟ್ಟು ಎನ್ನಿಯೊನ ಕಥೆ ಹಾಕಿಕೊಂಡಳು.

ಊರ ಬಾಗಿಲಲ್ಲಿ ಇಳಿದಾಗ ಬಿಸಿಲು ಏರಿತ್ತು. ಮನೆಯ ಹಿಂದಿನ ತೋಪಿನಲ್ಲಿ ಗಂಡಸರ ಗದ್ದಲ. ರಾಮಲಕ್ಷ್ಮಮ್ಮ ಮೆಣಸಿನಕಾಯಿ ಹುರಿಯುವುದನ್ನು ಬಿಟ್ಟು ಬಂದು ಕೈ ಹಿಡಿದುಕೊಂಡಳು, ‘ಸೊರಗೋಗಿದ್ದೀಯಲ್ಲೇ’ ಎಂದಳು. ಆ ಕೈಯಲ್ಲಿ ಸುಳ್ಳಿದೆಯೇ ಎಂದು ಶಾಮಲಮ್ಮ ಹುಡುಕಿದಳು. ಮೆಣಸಿನಕಾಯಿ, ಧನಿಯದ ವಾಸನೆ ಬಿಟ್ಟು ಏನೂ ಸಿಗಲಿಲ್ಲ. ಮೈಸೂರುಪಾಕಿನ ಡಬ್ಬ ಕೊಟ್ಟು, ಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದಳು. ಚಂದನ ರುಬ್ಬುವ ಕಲ್ಲಿನ ಮುಂದೆ ಕುಳಿತು ತೆಂಗಿನಕಾಯಿ, ಗಸಗಸೆ ರುಬ್ಬುತ್ತಿದ್ದಳು. ಮಿಕ್ಸಿ ಇದ್ದ ಮನೆ. ವರ್ಷತೊಡಕಿನ ಮಸಾಲೆ ಕಲ್ಲಿನಲ್ಲೇ ಆಗಬೇಕೆಂದು ಭಾವನ ಹಟ. ಎತ್ತರವಾಗಿದ್ದಾಳೆ. ಹೊಲಿದಿದ್ದ ಬ್ಲೌಸು ಈಗ ಒಳಗೆ ಮಡಿಸಿಟ್ಟ ಬಟ್ಟೆ ಬಿಚ್ಚಿದರೂ ಸಾಲದು. ‘ಚೆನ್ನಾಗಿದ್ದೀಯೇನಮ್ಮ’ ಎಂದಳು ಶಾಮಲಮ್ಮ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ. ಹಾಗೆ ಮೆಲ್ಲಗೆ ಕೇಳಿದ್ದು ತನಗೇ ತಿಳಿಯಿತು. ‘ಚೆನ್ನಾಗಿದ್ದೀನಿ ಚಿಕ್ಕಮ್ಮ. ಪರೀಕ್ಷೆ ಮುಗೀತು’ ಎಂದು ಹುಡುಗಿ ಗುಂಡು ತಿರುಗಿಸಿದಳು. ಮಾತಾಡಿ ರೂಢಿ ತಪ್ಪಿದವರ ಗಂಟಲು ಅದು. ದಿನವಿಡೀ ಒಬ್ಬಳೇ ಇದ್ದು ಸಂಜೆ ಗಿರಾಕಿ ಬಂದಾಗ ತನ್ನ ಗಂಟಲೂ ಹಾಗೇ ಒಡೆಯುತ್ತದೆಂದು ಶಾಮಲಮ್ಮನಿಗೆ ಗೊತ್ತಿತ್ತು.

ತೋಪಿನಲ್ಲಿ ಗದ್ದಲ ನಿಂತಿತು. ಹಂಚುವ ಹೊತ್ತು. ಹಿತ್ತಿಲ ಗೋಡೆ ಎದೆಯುದ್ದಕ್ಕಿತ್ತು, ಅದರ ಮೇಲಿಂದ ಎಲ್ಲ ಕಾಣುತ್ತಿತ್ತು. ಹಸಿರು ಎಲೆಗಳ ಮೇಲೆ ಕೆಂಪು ಗುಡ್ಡೆಗಳು, ಸಾಲಾಗಿ. ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಗುಡ್ಡೆಗಳಿಗೆ ಬೆನ್ನು ಮಾಡಿ, ಹಳೇ ಮಾವಿನ ಮರಕ್ಕೆ ಮುಖ ಕೊಟ್ಟು ನಿಂತರು. ಹಾಗೆ ನಿಂತವನಿಗೆ ಯಾವ ಗುಡ್ಡೆ ಯಾರದೆಂದು ಕಾಣಬಾರದು, ಪಕ್ಷಪಾತ ಬರಬಾರದು. ಗೋಪಿ ಬೇವಿನ ಕಡ್ಡಿಯನ್ನು ಒಂದು ಗುಡ್ಡೆಗೆ ತಾಗಿಸಿ, ‘ಇದು ಯಾರ್ಗಣ್ಣ?’ ಎಂದು ಕೂಗಬೇಕು, ಭಾವ ಒಂದು ಹೆಸರು ಹೇಳಬೇಕು. ಹೇಳಿದ ಮೇಲೆ ಮುಗಿಯಿತು. ಬೆನ್ನು ತಿರುಗಿಸಿ ಹೇಳಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅವರಪ್ಪನ ಕಾಲದಿಂದ ಯಾರೂ ತೆಗೆದುಕೊಂಡಿಲ್ಲ. ಹಿಂದೆಲ್ಲ ಆ ಕಡ್ಡಿ ಹಿಡಿಯುತ್ತಿದ್ದವನು ವೇಣು. ಹೆಸರು ಬೇಗ ಬಾರದಿದ್ದರೆ, ‘ನಿದ್ದೆ ಬಂತೇನಣ್ಣ?’ ಎಂದು ರೇಗಿಸುತ್ತಿದ್ದ.

‘ಇದು ಯಾರ್ಗಣ್ಣ?’

‘ಗಂಗುಲಪ್ಪನಿಗೆ.’

‘ಇದು?’

‘ಅಮರನಾಥನಿಗೆ.’

ಶಾಮಲಮ್ಮ ಗೋಡೆಗೆ ಎರಡೂ ಕೈ ಊರಿದ್ದಳು. ಗುಡ್ಡೆ ಎಷ್ಟಿವೆಯೆಂದು ಎಣಿಸಲು ಹೋಗಿ ಕಣ್ಣು ಮಂಜಾಯಿತು. ಮಾಂಸ ಬೇಕಾಗಿರಲಿಲ್ಲ ಅವಳಿಗೆ, ಒಬ್ಬಳ ಹೊಟ್ಟೆಗೆ ಎಷ್ಟು ಬೇಕು. ತಾನು ಇನ್ನೂ ಮನೆಯೋ, ಬಂದುಹೋಗುವ ನೆಂಟಳೋ, ಅಷ್ಟು ತಿಳಿಯಬೇಕಿತ್ತು. ಗೊತ್ತಾಗಿದ್ದರೆ ಹೆಸರು ಬರುವುದಿಲ್ಲ. ಬಾರದಿದ್ದರೆ ಒಂದು ಥರ ಒಳ್ಳೆಯದೇ, ಹುಡುಗಿಯ ಋಣ ತೀರಿತು ಎಂದುಕೊಳ್ಳಬಹುದು. ಆದರೂ ದೇವರೇ ಬರಲಿ, ಬರಲಿ ಎಂದು ಮನಸ್ಸು ಬೇಡುತ್ತಿತ್ತು. ಹಿಂದೆ ಗುಂಡುಕಲ್ಲಿನ ಸದ್ದು ನಿಂತಿತ್ತು. ಚಂದನಳೂ ಕೇಳುತ್ತಿದ್ದಳು.

‘ಇದು ಯಾರ್ಗಣ್ಣ?’

‘ವೇಣೂಗೆ.’

ಭಾವ ಹೇಳಿದ್ದು ಎಂದಿನ ಧ್ವನಿಯಲ್ಲೇ. ಅಮರನಾಥನಾದ ಮೇಲೆ ವೇಣು, ವೇಣುವಾದ ಮೇಲೆ ಗೋಪಿ, ಆಮೇಲೆ ಚೈತನ್ಯ, ಕೊನೆಗೆ ತಾನು. ಮೂವತ್ತು ವರ್ಷದಿಂದ ನಾಲಿಗೆ ಹಾಗೇ ಹರಿದಿದೆ. ಗೋಪಿಯ ಕಡ್ಡಿ ಗಾಳಿಯಲ್ಲೇ ನಿಂತಿತು. ‘ಅಣ್ಣಾ, ವೇಣಣ್ಣಂದು ಈ ಸಲ…’ ಎಂದು ಗೋಪಿ ತೊದಲಿದ, ‘ಗುಡ್ಡೆ ಹಾಕಿಲ್ಲಣ್ಣ. ಅತ್ತಿಗೆ ಇಲ್ಲೇ ಉಣ್ತಾರಲ್ಲ ಅಂತ ನಾನೇ ಬಿಟ್ಟೆ.’ ಭಾವ ತಿರುಗಲಿಲ್ಲ. ಅವರ ಕತ್ತಿನ ಹಿಂಭಾಗ ಮಾತ್ರ ಕಾಣುತ್ತಿತ್ತು. ಕೂದಲು ಪೂರ್ತಿ ನರೆತಿದೆ ಎಂದು ಶಾಮಲಮ್ಮ ಆಗ ನೋಡಿದಳು. ಟವೆಲಿನ ತುದಿಯಿಂದ ಮುಖ ಒರೆಸಿಕೊಂಡರು. ಆಮೇಲೆ ಮರಕ್ಕೇ ಹೇಳುವ ಹಾಗೆ, ‘ಹೇಳಾಯ್ತಲ್ಲೋ. ಮುಂದಿಂದು ಕೇಳು’ ಎಂದರು.

ಹೀಗೆ ಕೊನೆಗೆ ಹಿರಿಯ ಮನೆಗೇ ಗುಡ್ಡೆ ಇಲ್ಲದಂತಾಯಿತು. ಯಾರೋ ತಮ್ಮದರಲ್ಲಿ ಅರ್ಧ ಕೊಡಲು ಬಂದರು, ಭಾವ ಕೈ ಅಡ್ಡ ಹಿಡಿದರು. ಬಾಳೆ ಎಲೆಯಲ್ಲಿ ಕಟ್ಟಿದ ವೇಣುವಿನ ಗುಡ್ಡೆಯನ್ನು ತಾವೇ ಹಿಡಿದು ಹಿತ್ತಿಲ ಬಾಗಿಲಿಂದ ಬಂದು ಶಾಮಲಮ್ಮನ ಮುಂದೆ ನಿಂತರು. ಕಣ್ಣು ಕೆಂಪಗಿತ್ತು. ‘ಅವ್ನೇ ಬಂದು ಕೇಳ್ದಂಗಾಯ್ತಮ್ಮ. ನಾವು ಮರ್ತ್ರೂ ಅವ್ನು ಮರ್ತಿಲ್ಲ ನೋಡು’ ಎಂದರು. ಶಾಮಲಮ್ಮ ಸೆರಗು ಒಡ್ಡಿದಳು. ಎಲೆಯ ಕಟ್ಟು ಇನ್ನೂ ಬೆಚ್ಚಗಿತ್ತು. ಅವರಿಗೆ ಏನೂ ಗೊತ್ತಿಲ್ಲ. ಅಷ್ಟು ದಿನ ಒಳಗೆ ಕುಳಿತಿದ್ದ ಭಯ ಹಾಗೇ ಕರಗಿಹೋಯಿತು, ಅದರ ಜಾಗದಲ್ಲಿ ಇನ್ನೇನೋ ಬಂದು ಕೂತಿತು. ‘ಭಾವ, ಇದನ್ನ ಇಲ್ಲೇ ಮಾಡೋಣ, ಎಲ್ರೂ ಉಣ್ಣೋಣ’ ಎಂದಳು. ‘ಹಂಗಾದ್ರೆ ಇವತ್ತು ನಮ್ಗೆ ನಿನ್ ಮನೆ ಊಟ’ ಎಂದು ಅವರು ನಕ್ಕರು. ನಕ್ಕು, ಕಲ್ಲಿನ ಮುಂದೆ ಕುಳಿತ ಮಗಳ ಪಕ್ಕದಿಂದ, ಅಲ್ಲಿ ಕಲ್ಲೊಂದೇ ಇರುವ ಹಾಗೆ ನಡೆದು ಒಳಗೆ ಹೋದರು.

ಸಾರು ಕುದಿಯುವಷ್ಟು ಹೊತ್ತೂ ರಾಮಲಕ್ಷ್ಮಮ್ಮ ಶಾಮಲಮ್ಮನನ್ನು ಕೆಲಸ ಮುಟ್ಟಲು ಬಿಡಲಿಲ್ಲ. ಸತ್ತ ಮೈದುನ ಭಾಗ ಕೇಳಿ ಬಂದ ದಿನ, ಅವನ ಹೆಂಡತಿ ದೊಡ್ಡವಳು. ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹಾಕಿದರು. ಭಾವನ ಪಕ್ಕದ ಎಲೆ ಅವಳಿಗೆ. ಆ ಮನೆಯಲ್ಲಿ ಹೆಂಗಸರು ಗಂಡಸರ ಸಾಲಿನಲ್ಲಿ ಕೂತದ್ದನ್ನು ಅವಳು ಕಂಡಿರಲಿಲ್ಲ. ‘ಕೂತ್ಕೋ, ಯಜಮಾನಿ ನೀನು’ ಎಂದರು ಭಾವ. ಮುದ್ದೆ ಬಿತ್ತು, ಸಾರು ಬಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು, ಅಲ್ಲಿಂದ ರುಬ್ಬುವ ಕಲ್ಲು ಕಾಣುತ್ತಿತ್ತು, ಅದರ ಮೇಲೆ ಕವುಚಿಟ್ಟ ಒಂದು ಅಲ್ಯೂಮಿನಿಯಂ ತಟ್ಟೆ, ಪಕ್ಕದಲ್ಲಿ ಮೊಣಕಾಲು ತಬ್ಬಿಕೊಂಡು ಕುಳಿತ ಹುಡುಗಿ. ಆ ಕಾರು ಓಡಿಸುವ ಹುಡುಗ ಕೂಗಿದ್ದನಲ್ಲ, ನಾನಲ್ಲ, ನಾನಲ್ಲ ಎಂದು. ಇವಳು ಯಾಕೆ ಒಂದು ಸಲವೂ ಕೂಗಲಿಲ್ಲ? ಒಂದು ವರ್ಷದಲ್ಲಿ ಒಂದೇ ಒಂದು ಸಲ?

ಶಾಮಲಮ್ಮ ಎದ್ದಳು. ‘ಒಳಗೆ ಸೆಖೆ, ಅಲ್ಲೇ ಗಾಳಿಗೆ ಉಣ್ತೀನಕ್ಕ’ ಎಂದು ಸಾಲಿನಿಂದ ಎಲೆ ಎತ್ತಿ ತಟ್ಟೆಯೊಂದರ ಮೇಲಿಟ್ಟುಕೊಂಡು ಹಿತ್ತಿಲಿಗೆ ಹೋದಳು. ಯಾರೋ ಏನೋ ಅಂದರು, ಕೇಳಿಸಲಿಲ್ಲ. ಚಂದನಳ ಪಕ್ಕ ನೆಲದ ಮೇಲೆ ಕುಳಿತಳು. ಎಷ್ಟೋ ದಿನದಿಂದ ಬಾಯೊಳಗೆ ಮಾಡಿಟ್ಟಿದ್ದ ಮಾತು ಈಗ ತುಟಿಗೆ ಬಂತು. ‘ಚಂದು, ಆ ದಿನ…’

‘ಒಳಗೋಗಿ ಚಿಕ್ಕಮ್ಮ.’ ಹುಡುಗಿ ಅವಳ ಕಡೆ ನೋಡಲಿಲ್ಲ, ತುಟಿಯೂ ಸರಿಯಾಗಿ ಅಲುಗಲಿಲ್ಲ. ‘ಇಬ್ರೂ ಇಲ್ಲಿ ಕೂತ್ರೆ ಗೊತ್ತಾಗ್ಬಿಡುತ್ತೆ.’

ಶಾಮಲಮ್ಮನ ಕೈಯಲ್ಲಿ ತಟ್ಟೆ ಓರೆಯಾಗಿ ಸಾರು ಹೆಬ್ಬೆರಳಿಗೆ ಬಂತು.

‘ನಿನ್ಗೆ…’

‘ಅಳತೆ ತಗೊಂಡ ದಿನಾನೇ ಗೊತ್ತಾಯ್ತು. ಟೇಪ್ ಹಿಡ್ದಿದ್ದ ಕೈ ನಡುಗ್ತಾ ಇತ್ತು.’

‘ಮತ್ತೆ ನಾನಲ್ಲ ಅಂತ ಯಾಕಮ್ಮ ಹೇಳ್ಲಿಲ್ಲ?’

‘ನಾನಲ್ಲ ಅಂದ್ರೆ ಇನ್ಯಾರು ಅಂತಾರೆ.’ ಚಂದನ ಒಂದು ಕಡ್ಡಿ ತೆಗೆದುಕೊಂಡು ಮಣ್ಣು ಗೀರಿದಳು. ‘ನಿಮ್ಮನ್ನೂ ಬಿಟ್ಬಿಟ್ರೆ ಒಳಗೆ ನನ್ ಕಡೆ ಯಾರಿರ್ತಾರೆ? ಹೋಗಿ ಚಿಕ್ಕಮ್ಮ, ಅಪ್ಪ ನೋಡ್ತಾ ಇದಾರೆ.’

ನನ್ನ ಕಡೆ. ಒಂದು ವರ್ಷ ತಾನು ಒಂದು ಫೋನ್ ಮಾಡಿರಲಿಲ್ಲ, ಒಂದು ಸಲ ಬಂದಿರಲಿಲ್ಲ. ಇವಳು ಇಲ್ಲಿ ಕಲ್ಲಿನ ಪಕ್ಕ ಕುಳಿತು, ಒಳಗೆ ನನ್ನವರು ಒಬ್ಬರಿದ್ದಾರೆ ಎಂದು ನಂಬಿಕೊಂಡು ಉಂಡಿದ್ದಾಳೆ. ಇಲ್ಲೇ ಕೂತುಬಿಡಬೇಕು ಎನಿಸಿತು ಶಾಮಲಮ್ಮನಿಗೆ, ಗೊತ್ತಾಗಲಿ, ಇವತ್ತೇ ಗೊತ್ತಾಗಲಿ. ಮೈ ಅಷ್ಟು ಭಾರವಾಗಿತ್ತು, ಕೂತಿರುವುದೇ ಸುಲಭವಾಗಿತ್ತು. ಆದರೆ ಬಾಗಿಲಲ್ಲಿ ಭಾವನ ಧ್ವನಿ ಕೇಳಿತು, ‘ಏನಮ್ಮಾ, ಅಲ್ಲಿ ಯಾಕೆ ಕೂತೆ?’ ಮತ್ತು ಅವಳ ಮೊಣಕಾಲುಗಳು ತಮ್ಮಷ್ಟಕ್ಕೆ ತಾವೇ ಎದ್ದವು. ‘ಇಲ್ಲೂ ಬಿಸಿಲು ಭಾವ’ ಎಂದಳು.

ಒಳಗೆ ಅವಳ ಜಾಗ ಹಾಗೇ ಇತ್ತು. ಕುಳಿತಳು. ಇಟಲಿಯ ಮುದುಕ ತನಗೆ ಬೇಕಾದವರ ತಟ್ಟೆಗೆ ತಾನೇ ಕೈಯಾರೆ ಒಳ್ಳೆಯ ತುಂಡು ಎತ್ತಿಡುತ್ತಿದ್ದ, ಕೊಲ್ಲುವವರಿಗೂ ಇಡುತ್ತಿದ್ದ, ಉಳಿಸುವವರಿಗೂ ಇಡುತ್ತಿದ್ದ. ಕೋದಂಡರಾಮಪ್ಪ ತಮ್ಮ ಎಲೆಯಿಂದ ನಲ್ಲಿ ಮೂಳೆಯನ್ನು ಆರಿಸಿ, ತೆಗೆದು, ಅವಳ ಎಲೆಯ ಮೇಲಿಟ್ಟರು. ಪ್ರೀತಿ ಉಕ್ಕಿದಾಗ ಅವರಿಗೆ ತೆಲುಗು ಬರುತ್ತಿತ್ತು. ‘ತಿನಮ್ಮಾ,’ ಎಂದರು, ‘ನುವ್ವು ಮನ ಮನಿಷಿವಿ ಕದಾ.’ ನೀನು ನಮ್ಮವಳಲ್ಲವೇ. ಅದರಲ್ಲಿ ಪ್ರೀತಿಯೊಂದೇ ಇತ್ತು, ಬೇರೇನೂ ಇರಲಿಲ್ಲ. ಶಾಮಲಮ್ಮ ಮೂಳೆಯನ್ನು ಬಾಯಿಗಿಟ್ಟು ಹೀರಿದಳು. ಹಿಂಡಿಕೊಂಡು ಬಂದ ಮಜ್ಜೆ ಬಿಸಿಯಾಗಿ, ರುಚಿಯಾಗಿ ಗಂಟಲಿಗಿಳಿಯಿತು. ಅಂಥ ರುಚಿಯ ಊಟ ಎರಡು ವರ್ಷದಿಂದ ಅವಳು ಉಂಡಿರಲಿಲ್ಲ.

‘ಮಸಾಲೆ ಹೆಂಗಾಗಿದೆ ಶಾಮಲ? ಉಪ್ಪು ಖಾರ ಸರಿಯಾಗಿದ್ಯಾ?’ ರಾಮಲಕ್ಷ್ಮಮ್ಮ ಸೌಟು ಹಿಡಿದು ಕೇಳಿದಳು.

ಮಸಾಲೆ ರುಬ್ಬಿದವಳು ಹೊರಗಿದ್ದಳು. ‘ಸರಿಯಾಗಿದೆ ಅಕ್ಕ,’ ಎಂದಳು ಶಾಮಲಮ್ಮ, ಹಿತ್ತಿಲಿಗೆ ಕೇಳಿಸುವಷ್ಟು ಗಟ್ಟಿಯಾಗಿ. ‘ಎಲ್ಲ ಸರಿಯಾಗಿದೆ.’